ಸಾಯದವಳ ಚೀಲ

ನನ್ನ ತಮ್ಮನನ್ನು ಕಚೇರಿಯಲ್ಲಿ ಎಲ್ಲರೂ ತಕ್ಕಡಿ ಎನ್ನುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವನು ಅದನ್ನು ಬಿರುದು ಎಂದುಕೊಂಡು ಹಿಗ್ಗುತ್ತಾನೆ. ಐವತ್ತೆರಡು ವರ್ಷದ ಗಂಡಸು. ಕನ್ನಡಕವನ್ನು ಎರಡು ಸಲ ಒರೆಸದೆ ಒಂದು ಅಂಕಿ ಓದುವವನಲ್ಲ. ಮದುವೆಯಾಗಲಿಲ್ಲ. ಬಂದ ಸಂಬಂಧಗಳನ್ನೆಲ್ಲ ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ ತೂಗಿದ. ಒಂದೂ ಸಮ ಬರಲಿಲ್ಲವಂತೆ. ಆ ಹೆಣ್ಣುಮಕ್ಕಳ ಪುಣ್ಯ ದೊಡ್ಡದು.

ನಾನು ಅವನಿಗಿಂತ ಏಳು ವರ್ಷ ದೊಡ್ಡವಳು. ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದು, ನಿವೃತ್ತಳಾದ ಮೇಲೆ ಅವನ ಮನೆಯಲ್ಲೇ ಇದ್ದೇನೆ. ಅವನ ಮನೆ ಎನ್ನುವುದೂ ಮರ್ಯಾದೆಗೆ. ಬಾಗಿಲಿನ ಮೇಲೆ ಅವನ ಹೆಸರಿದೆ, ಒಳಗೆ ನಡೆಯುವುದೆಲ್ಲ ನನ್ನ ಕೈಯಿಂದ. ಚಿಕ್ಕವನಿದ್ದಾಗ ಒಂದು ಬನ್ನು ಬಂದರೂ ಸ್ಕೇಲು ಇಟ್ಟು ಕತ್ತರಿಸುತ್ತಿದ್ದ. ನನ್ನ ಪಾಲು ಕೂದಲೆಳೆಯಷ್ಟು ದಪ್ಪ ಬಂದರೆ ಆ ಕೂದಲೆಳೆಯನ್ನು ಚಿವುಟಿ ತಾನೇ ತಿನ್ನುತ್ತಿದ್ದ, ಸಮ ಮಾಡಬೇಕಲ್ಲ! ಅವನ ಪಾಲು ದಪ್ಪ ಬಂದ ದಿನ ಮಾತ್ರ ಸ್ಕೇಲು ಕಳೆದುಹೋಗುತ್ತಿತ್ತು. ಅಮ್ಮ ಕೇಳಿದರೆ, "ಅಕ್ಕ ಅಳ್ತಿಲ್ವಲ್ಲಮ್ಮ, ಅವಳಿಗೆ ಸಾಕಾಗಿದೆ" ಎನ್ನುತ್ತಿದ್ದ. ಅಳುವ ಮಗುವಿಗೇ ಹಾಲು ಎಂಬುದನ್ನು ಅವನು ಗಾದೆ ಎಂದುಕೊಂಡಿರಲಿಲ್ಲ, ಕಾಯಿದೆ ಎಂದುಕೊಂಡಿದ್ದ.

ದೊಡ್ಡವನಾದ ಮೇಲೆ ತೂಕದ ಯಂತ್ರ ತಯಾರಿಸುವ ಕಾರ್ಖಾನೆಯೊಂದರ ಪರೀಕ್ಷೆ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕೂತ. ಕಾರ್ಖಾನೆ ಮುಚ್ಚಿತು. ಆಮೇಲೆ ಪರಿಚಯದವರೊಬ್ಬರ ಮೂಲಕ ಕಂಪ್ಯೂಟರ್ ಆಟ ತಯಾರಿಸುವ ಸಣ್ಣ ಕಚೇರಿಯೊಂದಕ್ಕೆ ಸೇರಿಕೊಂಡ. ಪಾತ್ರೆ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ, ಒಂಬತ್ತು ಜನ, ಒಂದು ಕಿಟಕಿ, ಅದಕ್ಕೂ ಪರದೆ. ಅಲ್ಲಿನ ಒಡತಿ ಮಾತು ಕಡಿಮೆಯ ಹೆಂಗಸು. ತೂಕ ಬಲ್ಲವನು ಸಿಕ್ಕಿದ ಎಂದು ಸಂತೋಷಪಟ್ಟು ಇವನನ್ನು ಕೂರಿಸಿಕೊಂಡಳು.

ಆಟ ಏನೆಂದರೆ ಇಷ್ಟೇ. ನೆಲದಡಿಯಲ್ಲಿ ಅಂತಸ್ತಿನ ಕೆಳಗೆ ಅಂತಸ್ತು ಹಳೆಯ ಕೋಣೆಗಳಿವೆ. ಹೊಂಡ, ಮೊಳೆ, ಹೆಗ್ಗಣ, ಬೀಗ ಹಾಕಿದ ಬಾಗಿಲು, ಎಲುಬಿನ ಗೂಡು, ಎಲ್ಲ ಇವೆ. ಆಡುವವರು ಐವರಲ್ಲಿ ಒಬ್ಬರನ್ನು ಆರಿಸಿಕೊಂಡು ಇಳಿಯಬೇಕು: ಯೋಧ, ಕಳ್ಳ, ಮಾಂತ್ರಿಕ, ಬೇಟೆಗಾರ, ವೈದ್ಯೆ. ಇಳಿಯುವ ಮುಂಚೆ ಪ್ರತಿಯೊಬ್ಬರ ಹೆಗಲಿಗೂ ಒಂದು ಚೀಲ. ಆ ಚೀಲದಲ್ಲಿ ಏನೇನಿರಬೇಕು ಎಂದು ತೀರ್ಮಾನಿಸುವುದು ನನ್ನ ತಮ್ಮನ ಕೆಲಸ. ಅಷ್ಟೇ ಕೆಲಸ! ಐದು ಚೀಲ ತುಂಬಲು ಒಬ್ಬ ಗಂಡಸು, ಒಂದು ಮೇಜು, ಹದಿನಾಲ್ಕು ತಿಂಗಳು. ವಾರ್ಡಿನಲ್ಲಿ ನಾನು ಬೆಳಿಗ್ಗೆ ಆರು ನಿಮಿಷದಲ್ಲಿ ಟ್ರಾಲಿ ತುಂಬುತ್ತಿದ್ದೆ, ಅದರಿಂದ ನಲವತ್ತು ಜನ ಬದುಕುತ್ತಿದ್ದರು.

"ಚೀಲ ಅಂದ್ರೆ ತಮಾಷೆ ಅಲ್ಲ ಅಕ್ಕಾ" ಎಂದು ಅವನು ಊಟದ ಹೊತ್ತಿಗೆ ಉಪದೇಶ ಮಾಡುತ್ತಿದ್ದ. "ಒಬ್ಬನಿಗೆ ಜಾಸ್ತಿ ಕೊಟ್ರೆ ಎಲ್ಲರೂ ಅವನನ್ನೇ ಆರಿಸ್ತಾರೆ. ಐದೂ ಸಮ ಇರ್ಬೇಕು. ನ್ಯಾಯ ಅಂತ ಒಂದಿದೆ."

ಅವನ ನ್ಯಾಯದ ಕ್ರಮ ಹೀಗಿತ್ತು. ವಾರವಿಡೀ ಕಚೇರಿಯವರು ಆಡುತ್ತಾರೆ. ಮೊದಲ ಅಂತಸ್ತಿನಲ್ಲಿ ಯಾರು ಎಷ್ಟು ಸಲ ಸತ್ತರು ಎಂದು ಕಂಪ್ಯೂಟರು ಎಣಿಸುತ್ತದೆ. ಶುಕ್ರವಾರ ಮಧ್ಯಾಹ್ನ ತಕ್ಕಡಿ ಕನ್ನಡಕ ಒರೆಸಿ ಪಟ್ಟಿ ನೋಡುತ್ತಾನೆ. ಹೆಚ್ಚು ಸತ್ತವನ ಚೀಲಕ್ಕೆ ಒಂದು ಸಾಮಾನು ಸೇರಿಸುತ್ತಾನೆ, ಕಡಿಮೆ ಸತ್ತವನ ಚೀಲದಿಂದ ಒಂದು ತೆಗೆಯುತ್ತಾನೆ. ಹೇಗೆ ಸತ್ತ, ಯಾಕೆ ಸತ್ತ ಎಂದು ಕೇಳುವ ಹಾಗಿಲ್ಲ. ಕೇಳಿದರೆ, "ಅಂಕಿ ಸುಳ್ಳು ಹೇಳಲ್ಲ" ಎನ್ನುತ್ತಾನೆ. ಅಂಕಿಗೆ ಬಾಯಿಯೇ ಇಲ್ಲ, ಇನ್ನು ಸುಳ್ಳೆಲ್ಲಿ ನಿಜವೆಲ್ಲಿ.

ಆಟ ಗೊತ್ತಿಲ್ಲದವರೂ ಆಡಿ ನೋಡಬೇಕು ಎಂದು ಒಡತಿ ಹೇಳಿದಾಗ ನನ್ನನ್ನು ಕರೆದುಕೊಂಡು ಹೋದ. ದಿನಕ್ಕೆ ಮೂರು ಗಂಟೆ, ಒಂದು ಮೇಜು, ಬರೆದುಕೊಳ್ಳಲು ಒಂದು ನೋಟ್‌ಬುಕ್. ಮೊದಲ ದಿನ ಕಂಪ್ಯೂಟರಿನ ಪರದೆಯ ಮೇಲೆ ವೈದ್ಯೆಯನ್ನು ತೋರಿಸಿದ. ನಡುವಯಸ್ಸಿನ ಹೆಂಗಸು, ಬಿಗಿಯಾಗಿ ಕಟ್ಟಿದ ಕೂದಲು, ಮೊಣಕೈವರೆಗೆ ಮಡಿಸಿದ ತೋಳು. "ಗೊತ್ತಾಯ್ತಾ? ಇದು ನೀನೇ ಅಕ್ಕಾ. ನಿನ್ನನ್ನ ನೋಡ್ಕೊಂಡೇ ಮಾಡ್ಸಿದ್ದು" ಎಂದ. ನನಗೆ ಸಂತೋಷವಾಯಿತು. ಮುಚ್ಚಿಡುವುದೇನು? ಮೂವತ್ತೊಂದು ವರ್ಷದಲ್ಲಿ ನನ್ನ ಚಿತ್ರ ಗೋಡೆಗೆ ಏರಿದ್ದು ಒಂದೇ ಸಲ, ಅದೂ ಕೈ ತೊಳೆಯುವ ವಿಧಾನದ ಪೋಸ್ಟರಿನಲ್ಲಿ, ಮೊಣಕೈ ಕೆಳಗೆ ಮಾತ್ರ.

ಆಗ ವೈದ್ಯೆಯ ಚೀಲ ಚೆನ್ನಾಗಿತ್ತು. ಲಾಟೀನು, ಕತ್ತರಿ, ಐದು ಬ್ಯಾಂಡೇಜು, ಔಷಧದ ಸೀಸೆ, ಊರುಗೋಲು, ದಪ್ಪ ಅಟ್ಟೆಯ ಬೂಟು. ಕತ್ತಿ ಗಿತ್ತಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಾನು ವಾರ್ಡಿನಲ್ಲಿ ನಡೆದ ಹಾಗೇ ನಡೆದೆ. ಬಾಗಿಲ ಬಳಿ ನಿಂತು ಒಳಗೆ ನೋಡುವುದು, ಲಾಟೀನು ಎತ್ತುವುದು, ಊರುಗೋಲಿನಿಂದ ನೆಲ ತಟ್ಟುವುದು, ಆಮೇಲೆ ಹೆಜ್ಜೆ. ಗಾಯವಾದರೆ ಕೂಡಲೇ ಕಟ್ಟುವುದು. ಇಡೀ ವಾರ ಒಂದು ಸಲವೂ ಸಾಯಲಿಲ್ಲ. ಮೂರನೆಯ ಅಂತಸ್ತಿನವರೆಗೆ ಹೋಗಿ ಬಂದೆ. ಮೆಚ್ಚುತ್ತಾನೆ ಎಂದುಕೊಂಡೆ. ಶುಕ್ರವಾರ ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದ.

"ವೈದ್ಯೆ ತುಂಬಾ ಬಲವಾಗಿದಾಳೆ" ಎಂದು ಊರುಗೋಲು ತೆಗೆದ.

"ನಾನು ನೋಡ್ಕೊಂಡು ನಡೆದೆ ಕಣೋ. ಅದಕ್ಕೆ ಸಾಯ್ಲಿಲ್ಲ."

"ಅದೆಲ್ಲ ಪಟ್ಟೀಲಿ ಬರಲ್ಲ ಅಕ್ಕಾ."

ಇನ್ನೊಂದು ಕಡೆ ಯೋಧನ ಕಥೆ ಕೇಳಿ. ಅವನನ್ನು ಆಡುತ್ತಿದ್ದವನು ಕಚೇರಿಯ ಚಿತ್ರಗಾರ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಯೋಧ. ಬಾಗಿಲು ತೆರೆದರೆ ಓಡುವುದು, ಓಡಿದರೆ ಬೀಳುವುದು, ಬಿದ್ದರೆ "ಅಯ್ಯೋ ಹೋದ" ಎಂದು ನಗುವುದು. ದಿನಕ್ಕೆ ಇಪ್ಪತ್ತು ಸಲ ಸಾಯುತ್ತಿದ್ದ. ಪ್ರತಿ ಶುಕ್ರವಾರ ತಕ್ಕಡಿಯ ಕರುಳು ಚುರುಕ್ ಎನ್ನುತ್ತಿತ್ತು. ಗುರಾಣಿ ಸೇರಿಸಿದ. ಶಿರಸ್ತ್ರಾಣ ಸೇರಿಸಿದ. ಎರಡನೆಯ ಕತ್ತಿ, ಮೂರು ಸೀಸೆ ಔಷಧ, ಹಗ್ಗ, ಗುಡಾರ. ಹತ್ತನೆಯ ವಾರದ ಹೊತ್ತಿಗೆ ಇದನ್ನೆಲ್ಲ ಹೊರಲು ಒಂದು ಹೇಸರಗತ್ತೆಯನ್ನೂ ಕೊಟ್ಟ. ಮೂಗಿಗಿಂತ ಮೂಗುತಿ ಭಾರ. ಆ ಮಹಾಶಯ ಹೇಸರಗತ್ತೆಯ ಸಮೇತ ಅದೇ ಹೊಂಡಕ್ಕೆ ಬೀಳುತ್ತಿದ್ದ. ಮುಂದಿನ ಶುಕ್ರವಾರ ತಕ್ಕಡಿ, ಹೇಸರಗತ್ತೆಗೆ ಲಾಳ ಬೇಕೇನೋ ಎಂದು ಯೋಚಿಸುತ್ತ ಕೂತಿದ್ದ.

ನನ್ನ ಚೀಲ ಮಾತ್ರ ಕರಗುತ್ತ ಬಂತು. ಊರುಗೋಲು ಹೋದ ಮೇಲೆ ಇನ್ನೂ ನಿಧಾನವಾಗಿ ನಡೆದೆ, ಸಾಯಲಿಲ್ಲ. ಬೂಟು ತೆಗೆದ. ಬರಿಗಾಲಲ್ಲಿ ಮೊಳೆ ತಪ್ಪಿಸಿಕೊಂಡು ಗೋಡೆ ಬದಿಗೆ ನಡೆದೆ, ಸಾಯಲಿಲ್ಲ. ಸೀಸೆ ತೆಗೆದ. ನಾಲ್ಕು ಬ್ಯಾಂಡೇಜು ಒಂದೊಂದಾಗಿ ಹೋದವು. ಕೊನೆಗೆ ಲಾಟೀನು ತೆಗೆದ.

ಲಾಟೀನು ಹೋದ ಮೇಲೆ ಆಟವೇ ಇರಲಿಲ್ಲ. ಮೊದಲ ಕೋಣೆಯಲ್ಲಿ ಗೋಡೆಯ ಪಂಜು ಇದೆ, ಬೆಳಕಿದೆ. ಬಾಗಿಲ ಆಚೆ ಪರದೆಯೆಲ್ಲ ಕಪ್ಪು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ಏನೂ ಕಾಣುವುದಿಲ್ಲ. ಎದುರಿಗೆ ಹೊಂಡವಿದೆ ಎಂದು ನನಗೆ ಗೊತ್ತು, ಹೆಜ್ಜೆ ಲೆಕ್ಕ ಗೊತ್ತಿಲ್ಲ. ಕಾಣದ ಕಡೆ ಕಾಲಿಡುವುದು ನನ್ನ ಕಸುಬಿನಲ್ಲಿಲ್ಲ. ಬಾಗಿಲ ಬಳಿ ನಿಂತೆ. ಐದು ನಿಮಿಷ ನಿಂತೆ. ಎದ್ದು ಹೋಗಿ ಚಹಾ ಮಾಡಿದೆ. ಮರುದಿನವೂ ಅಷ್ಟೇ. ನೋಟ್‌ಬುಕ್ಕಿನಲ್ಲಿ ಬರೆದೆ: "ಬೆಳಕಿಲ್ಲ. ಮುಂದೆ ಹೋಗಲಾಗದು. ಆಟ ಬಿಟ್ಟು ಎದ್ದೆ." ಒಟ್ಟು ನಲವತ್ತೊಂದು ಸಲ ಬರೆದೆ.

ಶುಕ್ರವಾರ ತಕ್ಕಡಿ ಪಟ್ಟಿ ಓದಿದ: "ವೈದ್ಯೆ, ಸಾವು ಸೊನ್ನೆ." ಮುಖದಲ್ಲಿ ಎಂಥ ತೃಪ್ತಿ! "ನೋಡಿ, ಇಷ್ಟು ತೆಗೆದ್ರೂ ಇನ್ನೂ ಇವಳೇ ಬಲ."

ಆಗ ನನಗೆ ಹೊಳೆಯಿತು. ಕಂಪ್ಯೂಟರು ಎಣಿಸುವುದು ಸತ್ತವರನ್ನು. ಬೇಸತ್ತು ಎದ್ದುಹೋದವರು ಅದರ ಪಾಲಿಗೆ ಜೀವಂತ. ಬಾಗಿಲಲ್ಲಿ ನಿಂತ ವೈದ್ಯೆ ಸಾಯುವುದೇ ಇಲ್ಲ, ಯಾಕೆಂದರೆ ಅವಳು ಎಲ್ಲಿಗೂ ಹೋಗುವುದೇ ಇಲ್ಲ. ಇದನ್ನು ನಾನು ತಮ್ಮನಿಗೆ ಬಿಡಿಸಿ ಹೇಳಿದೆ. ಒಮ್ಮೆ ಊಟದ ಮೇಜಿನಲ್ಲಿ, ಒಮ್ಮೆ ಬಸ್ಸಿನಲ್ಲಿ, ಒಮ್ಮೆ ಅವನು ಹಲ್ಲುಜ್ಜುವಾಗ. ಗೋರ್ಕಲ್ಲ ಮೇಲೆ ಮಳೆಗರೆದ ಹಾಗಾಯಿತು.

"ಸಾಯ್ತಿಲ್ವಲ್ಲ ಅಕ್ಕಾ, ಮತ್ತೇನು ತೊಂದ್ರೆ?" ಎಂದ, ಬಾಯಿತುಂಬ ನೊರೆ.

"ನೋಟ್‌ಬುಕ್ ಓದಿದ್ಯೇನೋ?"

"ಓದ್ತೀನಲ್ಲ. ಸತ್ತಿದ್ದು, ಸಾಯ್ದೇ ಇದ್ದದ್ದು, ಆ ಕಾಲಂ ನೋಡ್ತೀನಿ. ಉಳಿದದ್ದು ನಿನ್ನ ಅಭಿಪ್ರಾಯ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯ ಕಾಲು ತಂದು ಕೈಗೆ ಕೊಟ್ಟರೂ ಅದು ಮೊಲದ ಅಭಿಪ್ರಾಯ ಎನ್ನುವ ಜಾತಿ.

ಚಿತ್ರಗಾರ ಒಳ್ಳೆಯವನು, ಓಡಿ ಸಾಯುವುದೊಂದು ಬಿಟ್ಟರೆ. ನನ್ನ ಪಾಡು ನೋಡಿ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. "ಅಕ್ಕಾ, ಸುಮ್ನೆ ಹೊಂಡಕ್ಕೆ ಹಾರಿಬಿಡಿ. ಹತ್ತು ಸಲ ಸತ್ರೆ ಲಾಟೀನು ವಾಪಸ್ ಬರುತ್ತೆ. ನಾನು ಹೇಸರಗತ್ತೇನೇ ಗಿಟ್ಟಿಸ್ಕೊಂಡಿಲ್ವಾ?" ಎಂದ.

"ಸತ್ತು ಕೇಳೋ ಜಾಯಮಾನ ನಂದಲ್ಲಪ್ಪ" ಎಂದೆ. ಜಂಬವೇ ಇರಬಹುದು. ವಾರ್ಡಿನಲ್ಲಿ ನಾನು ಸಾವನ್ನು ಬಾಗಿಲಲ್ಲೇ ತಡೆಯಲು ನಿಂತವಳು, ಎಷ್ಟೋ ಸಲ ಸೋತವಳು. ಆಟದಲ್ಲಾದರೂ ಸರಿ, ಒಂದು ಲಾಟೀನಿಗಾಗಿ ಬೇಕೆಂದೇ ಹೊಂಡಕ್ಕೆ ಹಾರುವುದು ನನ್ನಿಂದಾಗದು ಎನಿಸಿತು.

ಆ ಹೊತ್ತಿಗೆ ಒಡತಿ ಎಲ್ಲರನ್ನೂ ಕರೆದು ಹೇಳಿದಳು. ಒಂದು ಸಭಾಂಗಣ ಬಾಡಿಗೆಗೆ ಹಿಡಿದು, ಹೊರಗಿನ ಇಪ್ಪತ್ತನಾಲ್ಕು ಜನರನ್ನು ಕೂರಿಸಿ ಒಂದು ಮಧ್ಯಾಹ್ನ ಆಡಿಸುವುದು. ಐವರಲ್ಲಿ ಯಾರನ್ನು ಜನ ಆಡುವುದಿಲ್ಲವೋ ಆ ಪಾತ್ರವನ್ನು ಆಟದಿಂದಲೇ ಕಿತ್ತುಹಾಕುವುದು. ನಾನು ಮನೆಗೆ ಬಂದು ತಮ್ಮನ ಎದುರು ಕೂತು ಕೇಳಿದೆ, "ವೈದ್ಯೆಗೆ ಲಾಟೀನು ಕೊಡು. ಇಲ್ದಿದ್ರೆ ಅವಳನ್ನ ತೆಗೆದುಹಾಕ್ತಾರೆ." ಜೀವನದಲ್ಲಿ ಅವನ ಬಳಿ ನಾನು ಬಾಯಿಬಿಟ್ಟು ಕೇಳಿದ ಸಾಮಾನು ಅದೊಂದೇ ಇರಬೇಕು.

"ಬಲವಾದ ಪಾತ್ರಾನ ಯಾರಾದ್ರೂ ತೆಗೀತಾರಾ? ಸುಮ್ನಿರಕ್ಕಾ" ಎಂದು ಇನ್ನೊಂದು ಸಲ ಸಾರು ಬಡಿಸಿಕೊಂಡ.

ಆ ಮಧ್ಯಾಹ್ನ ಬಂತು. ಉದ್ದನೆಯ ಮೇಜುಗಳು, ಇಪ್ಪತ್ತನಾಲ್ಕು ಕಂಪ್ಯೂಟರು, ಗೋಡೆಯ ಮೇಲೆ ದೊಡ್ಡ ಪರದೆಯಲ್ಲಿ ಸಾವಿನ ಪಟ್ಟಿ. ತಕ್ಕಡಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅದರ ಕೆಳಗೆ ಮದುಮಗನ ಹಾಗೆ ನಿಂತಿದ್ದ. ಇಸ್ತ್ರಿ ಮಾಡಿದವಳು ನಾನು. ಆರು ಜನ ವೈದ್ಯೆಯನ್ನು ಆರಿಸಿಕೊಂಡರು. ನಾನು ಅವರ ಹಿಂದೆಯೇ ಹೋಗಿ ನಿಂತೆ. ಮೊದಲ ಕೋಣೆಯಲ್ಲಿ ಆರೂ ಜನ ಸುತ್ತ ನೋಡಿದರು, ಚೀಲ ತೆರೆದರು. ಕತ್ತರಿ ಒಂದು, ಬ್ಯಾಂಡೇಜು ಒಂದು. ಬಾಗಿಲಿಗೆ ಹೋದರು. ಕಪ್ಪು ನೋಡಿದರು. ಹಿಂದೆ ಬಂದರು. ಮತ್ತೆ ಹೋದರು. ಮಡಿಲಲ್ಲಿ ಕೈಚೀಲ ಇಟ್ಟುಕೊಂಡಿದ್ದ ಒಬ್ಬ ಹೆಂಗಸು, "ಇದ್ರಲ್ಲಿ ಏನ್ ಮಾಡ್ಬೇಕು?" ಎಂದು ಪಕ್ಕದವರನ್ನು ಕೇಳಿದಳು. ಪಕ್ಕದವನು ಹೇಸರಗತ್ತೆಯ ಜೊತೆ ಹೊಂಡಕ್ಕೆ ಬೀಳುವುದರಲ್ಲಿ ಮಗ್ನನಾಗಿದ್ದ. ಕಾಲು ಗಂಟೆಯೊಳಗೆ ಆರು ಕುರ್ಚಿಯೂ ಖಾಲಿ.

ತಕ್ಕಡಿ ಕನ್ನಡಕ ಒರೆಸಿದ, ಪಟ್ಟಿ ನೋಡಿದ, ಒಡತಿಯ ಕಡೆ ತಿರುಗಿ ಹೆಮ್ಮೆಯಿಂದ ಓದಿದ. "ಯೋಧ, ಮೂವತ್ತೆರಡು ಸಾವು. ಕಳ್ಳ, ಹದಿನೆಂಟು. ವೈದ್ಯೆ, ಸೊನ್ನೆ. ಆ ಕತ್ತರೀನೂ ತೆಗೀಬೇಕು ಮೇಡಂ."

ಒಡತಿ ಆರು ಯಂತ್ರಗಳ ಮುಂದೆ ನಡೆದು ಹೋದಳು. ನಾನೂ ಹಿಂದೆ ಹೋದೆ. ಆರು ಪರದೆಯಲ್ಲೂ ವೈದ್ಯೆ ಬಾಗಿಲ ಬಳಿ ನಿಂತಿದ್ದಳು. ಬಿಗಿದ ಕೂದಲು, ಮಡಿಸಿದ ತೋಳು, ಖಾಲಿ ಚೀಲ. ಉಸಿರಾಡುತ್ತಿದ್ದಳು. ಚಿತ್ರಗಾರ ಅವಳ ಭುಜ ಏರಿ ಇಳಿಯುವ ಹಾಗೆ ಚೆನ್ನಾಗಿ ಬರೆದಿದ್ದಾನೆ.

"ಇವಳನ್ನ ಯಾರೂ ಆಡ್ತಿಲ್ಲ" ಎಂದಳು ಒಡತಿ. "ತೆಗೆದುಬಿಡೋಣ. ನಾಲ್ಕು ಸಾಕು."

ನಾನು ತಮ್ಮನ ಮುಖ ನೋಡಿದೆ. ಈಗಲಾದರೂ ಒಂದು ಮಾತು ಆಡುತ್ತಾನೆ ಎಂದುಕೊಂಡೆ. ಇದು ನಮ್ಮಕ್ಕ ಎನ್ನುವುದು ಬೇಡ, ತಪ್ಪು ನನ್ನದು ಎನ್ನುವುದೂ ಬೇಡ, ಒಂದು ವಾರ ಟೈಮ್ ಕೊಡಿ ಎಂದಾದರೂ ಅನ್ನಬಹುದಿತ್ತು. ಅವನು ಬೆರಳಿನಲ್ಲಿ ಏನೋ ಲೆಕ್ಕ ಹಾಕಿದ. ಆಮೇಲೆ ಮುಖ ಅರಳಿತು.

"ಒಳ್ಳೇದೇ ಮೇಡಂ. ಇವಳು ಹೋದ್ರೆ ಉಳಿದ ನಾಲ್ಕನ್ನ ಸಮ ಮಾಡೋದು ಸುಲಭ."

ನನಗೆ ಮೈ ಉರಿದುಹೋಯಿತು. ಯಾರ ಮೇಲೂ ಕೈ ಎತ್ತಿದವಳಲ್ಲ, ಅಂದು ಎತ್ತುತ್ತಿದ್ದೆನೋ ಏನೋ. ಎತ್ತಲಿಲ್ಲ. ಮೊದಲ ಖಾಲಿ ಕುರ್ಚಿಯಲ್ಲಿ ಕೂತೆ. ವೈದ್ಯೆಯನ್ನು ಬಾಗಿಲು ದಾಟಿಸಿ ಕಪ್ಪಿನೊಳಗೆ ನೇರವಾಗಿ ನಡೆಸಿದೆ. ಏಳು ಹೆಜ್ಜೆಗೆ ಹೊಂಡ ಸಿಕ್ಕಿತು. ಬಿದ್ದಳು. ಗೋಡೆಯ ಪರದೆಯ ಮೇಲೆ ವೈದ್ಯೆಯ ಎದುರು ಒಂದು ಎಂದು ಬಂತು. ಎದ್ದು ಎರಡನೆಯ ಕುರ್ಚಿಗೆ ಹೋದೆ. ಎರಡು. ಮೂರನೆಯದರಲ್ಲಿ ಕಣ್ಣಲ್ಲಿ ನೀರು ಬಂತು. ಆಟದ ಗೊಂಬೆಗೆ ಅಳುವ ಮುದುಕಿ ಎಂದು ನಗುವವರು ನಗಲಿ. ಆರೂ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂದೆ. ಮೂರು ಸುತ್ತು. ಹದಿನೆಂಟು. ಇಡೀ ಸಭಾಂಗಣ ನನ್ನನ್ನೇ ನೋಡುತ್ತಿತ್ತು.

ತಕ್ಕಡಿ ಮಾತ್ರ ನನ್ನನ್ನು ನೋಡಲಿಲ್ಲ. ಅವನು ಗೋಡೆ ನೋಡುತ್ತಿದ್ದ. "ಅರೆ, ವೈದ್ಯೆ ಸಾಯ್ತಿದಾಳೆ" ಎಂದ. "ಮೇಡಂ, ಇವಳು ತುಂಬಾ ದುರ್ಬಲ. ಚೀಲ ಸಾಲ್ದು." ಶುಕ್ರವಾರವಲ್ಲದಿದ್ದರೂ ಕೈ ತಾನಾಗಿ ಓಡಿತು. ಅಲ್ಲೇ ನಿಂತು ತನ್ನ ಯಂತ್ರ ತೆರೆದು ಲಾಟೀನು ಹಾಕಿದ, ಊರುಗೋಲು ಹಾಕಿದ, ಬೂಟು, ಸೀಸೆ, ನಾಲ್ಕು ಬ್ಯಾಂಡೇಜು. ಎರಡು ನಿಮಿಷದ ಕೆಲಸ. ನಲವತ್ತೊಂದು ಸಲ ಬರೆದರೂ ಆಗದ್ದು, ನಾಲ್ಕು ಸಲ ಬಾಯಿಂದ ಹೇಳಿದರೂ ಆಗದ್ದು.

ಕೈಚೀಲದ ಹೆಂಗಸನ್ನು ನಾನೇ ಕರೆದು ಕೂರಿಸಿದೆ. ಅವಳು ಲಾಟೀನು ಎತ್ತಿ, ನೆಲ ತಟ್ಟಿ, ಗೋಡೆ ಬದಿಗೆ ನಡೆದು, ಸಂಜೆಯೊಳಗೆ ನಾಲ್ಕನೆಯ ಅಂತಸ್ತು ತಲುಪಿದಳು. ನನಗಿಂತ ಒಂದು ಅಂತಸ್ತು ಹೆಚ್ಚು. ಉಳಿದ ಕುರ್ಚಿಗಳೂ ತುಂಬಿದವು. ಒಡತಿ ಬಹಳ ಹೊತ್ತು ಹಿಂದೆ ನಿಂತು ನೋಡಿ, "ಇರ್ಲಿ ಇವಳು" ಎಂದಳು. ಹೋಗುವಾಗ ನನ್ನ ನೋಟ್‌ಬುಕ್ಕನ್ನೂ ಕೇಳಿ ಪಡೆದಳು.

ವೈದ್ಯೆ ಉಳಿದಳು. ನನಗೆ ಗೆದ್ದ ಹಾಗೆ ಅನಿಸಲಿಲ್ಲ. ಹದಿನೆಂಟು ಸಲ ಸತ್ತು ಒಂದು ಲಾಟೀನು ಪಡೆದವಳಿಗೆ ಗೆಲುವೆಂದರೆ ಏನು? ನಾಚಿಕೆಯಾಯಿತು, ಸಿಟ್ಟೂ ಬಂತು. ಬಸ್ಸಿನಲ್ಲಿ ತಮ್ಮ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಹಾಡು ಗುನುಗಿದ. "ನೋಡಿದ್ಯಾ ಅಕ್ಕಾ? ಪಟ್ಟಿ ಸರಿಯಾಗಿ ನೋಡಿದ್ರೆ ಯಾರಿಗೂ ಅನ್ಯಾಯ ಆಗಲ್ಲ" ಎಂದ.

ಮನೆಗೆ ಬಂದು ಅವನು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತ. ಒಲೆ ಹಚ್ಚಿರಲಿಲ್ಲ. ನಾನು ಅವನ ಎದುರಿನ ಕುರ್ಚಿ ಎಳೆದುಕೊಂಡು ಕೂತೆ.

"ಇವತ್ತಿಂದ ಒಂದು ದಿನ ಅಡುಗೆ ನಿಂದು, ಒಂದು ದಿನ ನಂದು" ಎಂದೆ. "ಬಟ್ಟೆ, ಪಾತ್ರೆ, ಕಸ, ಎಲ್ಲಾ ಹಾಗೇ. ಇವತ್ತು ನಿನ್ನ ಸರದಿ."

ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡು ನನ್ನ ಮುಖವನ್ನು ಹುಡುಕಿ ಹುಡುಕಿ ನೋಡಿದ. ನಿಜವಾಗಿಯೂ ಗಾಬರಿಯಾಗಿದ್ದ.

"ಯಾಕಕ್ಕಾ? ಹುಷಾರಿಲ್ವಾ?"

"ಗಟ್ಟಿಮುಟ್ಟಾಗಿದೀನಿ ಕಣೋ" ಎಂದೆ. "ಅದಕ್ಕೇ ಈಗ ಹೇಳ್ತಿದೀನಿ."